ಎಷ್ಟು ಟನ್ ಎಂದು ಕೇಳುವ ಮೊದಲು: ವಿಲ್ಲಿಸ್ ಕ್ಯಾರಿಯರ್ ಬದುಕಿನ ಕಥೆ

ದುಬೈ ಇರಲಿ, ದೋಹಾ ಇರಲಿ, ಮಸ್ಕತ್ ಇರಲಿ, ಹೊಸದಾಗಿ ಕೆಫೆಟೇರಿಯಾ ಅಥವಾ ಗ್ರೋಸರಿ ತೆರೆಯುವ ನಮ್ಮವರು ಎಸಿ ಕಾಂಟ್ರಾಕ್ಟರ್‌ನನ್ನು ಕರೆಸಿದಾಗ ಕೇಳುವ ಪ್ರಶ್ನೆ ಎರಡೇ. ಎಷ್ಟು ಟನ್ ಬೇಕು? ರೇಟ್ ಎಷ್ಟು? ಆತನೂ ಅಂಗಡಿಯ ಉದ್ದ ಅಗಲ ಅಳೆದು, ಇರಲಿ ಅಂತ ಒಂದು ಟನ್ ಜಾಸ್ತಿಯೇ ಹೇಳಿ ಹೋಗುತ್ತಾನೆ. ಆಮೇಲೆ ಆಗಸ್ಟ್ ಬರುತ್ತದೆ. ಒಳಗೆ ತಣ್ಣಗೇನೋ ಇರುತ್ತದೆ, ಆದರೆ ಮೈ ಅಂಟಂಟು. ಗೋಡೆಯಲ್ಲಿ ಬೂಷ್ಟು, ಬಿಸ್ಕೆಟ್ ಮೆತ್ತಗೆ. ದೊಡ್ಡ ಎಸಿ ಹಾಕಿಯೂ ಯಾಕೆ ಹೀಗೆ ಅಂತ ಮಾಲೀಕ ತಲೆ ಕೆರೆದುಕೊಳ್ಳುತ್ತಾನೆ.

ಈ ಪ್ರಶ್ನೆಗೆ ನೂರು ವರ್ಷಕ್ಕೂ ಹಿಂದೆಯೇ ಉತ್ತರ ಕಂಡುಕೊಂಡವರು ಒಬ್ಬ ಅಮೆರಿಕನ್ ಎಂಜಿನಿಯರ್. ಇಲ್ಲಿನ ಟೆರೇಸುಗಳ ಮೇಲೆ ಕೆಲಸ ಮಾಡುವ ನಮ್ಮ ಟೆಕ್ನಿಷಿಯನ್ ಹುಡುಗರು ಮೆಷಿನ್‌ಗಳ ಮೇಲೆ ಅವರ ಹೆಸರನ್ನು ದಿನಾ ಓದುತ್ತಾರೆ. ಅದು ಕಂಪನಿಯ ಹೆಸರು ಮಾತ್ರವಲ್ಲ, ಒಬ್ಬ ಮನುಷ್ಯನ ಹೆಸರು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ.

ವಿಲ್ಲಿಸ್ ಹ್ಯಾವಿಲ್ಯಾಂಡ್ ಕ್ಯಾರಿಯರ್ ಹುಟ್ಟಿದ್ದು 1876ರ ನವೆಂಬರ್ 26ರಂದು, ನ್ಯೂಯಾರ್ಕ್ ರಾಜ್ಯದ ಅಂಗೋಲಾ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ. ಹತ್ತಿರದ ಪಟ್ಟಣ ಬಫಲೋ. ಹಿಮ ಸುರಿಯುವ ಊರು, ಸೆಖೆ ಅಂದರೆ ಏನು ಅಂತ ಸರಿಯಾಗಿ ಗೊತ್ತಿರದ ಜಾಗ. ಮನೆಗೆ ಒಬ್ಬನೇ ಮಗ. ಶಾಲೆಯಲ್ಲಿ ಭಿನ್ನರಾಶಿ ಅರ್ಥವಾಗದೆ ಒದ್ದಾಡುತ್ತಿದ್ದ ಹುಡುಗನಿಗೆ ತಾಯಿ ಎಲಿಜಬೆತ್ ಸೇಬು ತಂದುಕೊಟ್ಟು, ಅರ್ಧ, ಕಾಲು, ಅರೆಕಾಲು ಎಂದು ಕತ್ತರಿಸಿ ಲೆಕ್ಕ ಕಲಿಸಿದರಂತೆ. ಗಡಿಯಾರ ಕೆಟ್ಟರೆ ಬಿಚ್ಚಿ ರಿಪೇರಿ ಮಾಡುವ ತಾಯಿ ಅವರು. ಹುಡುಗನಿಗೆ 11 ವರ್ಷ ಆಗಿದ್ದಾಗ ತೀರಿಕೊಂಡರು. ಲೆಕ್ಕವನ್ನು ಕಣ್ಣಿಗೆ ಕಾಣುವ ವಸ್ತುವಾಗಿಸಿ ನೋಡುವ ಅಭ್ಯಾಸ ಮಾತ್ರ ಮಗನ ಜೊತೆ ಕೊನೆಯವರೆಗೂ ಉಳಿಯಿತು.

ಮನೆಯಲ್ಲಿ ಕಾಸಿಲ್ಲದ ಕಾಲ. ಹೈಸ್ಕೂಲ್ ಮುಗಿಸಿ ಕೆಲಕಾಲ ಮೇಷ್ಟ್ರ ಕೆಲಸ ಮಾಡಿದರು. ಸ್ಕಾಲರ್‌ಶಿಪ್ ಸಿಕ್ಕಿದ ಮೇಲೆ ಕಾರ್ನೆಲ್ ವಿಶ್ವವಿದ್ಯಾಲಯ ಸೇರಿದರು. ಊಟ, ರೂಮಿನ ಖರ್ಚಿಗೆ ಮಂದಿಯ ಮನೆಯ ಹುಲ್ಲು ಕತ್ತರಿಸಿದರು, ಚಳಿಗಾಲದಲ್ಲಿ ಒಲೆ ಉರಿಸುವ ಕೆಲಸ ಮಾಡಿದರು, ಗೆಳೆಯನ ಜೊತೆ ಸೇರಿ ವಿದ್ಯಾರ್ಥಿಗಳ ಬಟ್ಟೆ ಒಗೆಸಿಕೊಡುವ ಲಾಂಡ್ರಿ ನಡೆಸಿದರು. 1901ರಲ್ಲಿ ಎಂಜಿನಿಯರಿಂಗ್ ಮುಗಿಸಿ ಬಫಲೋ ಫೋರ್ಜ್ ಎಂಬ ಕಂಪನಿಗೆ ಸೇರಿದಾಗ ಸಂಬಳ ವಾರಕ್ಕೆ 10 ಡಾಲರ್. ಫ್ಯಾನು, ಹೀಟರ್ ಮಾಡುವ ಕಂಪನಿ. ಕಾಫಿ, ಮರ ಒಣಗಿಸುವ ಯಂತ್ರಗಳನ್ನು ಅಲ್ಲಿ ಅಂದಾಜಿನ ಮೇಲೆ ಮಾಡುತ್ತಿದ್ದರು. ಸಾಕಾಗುತ್ತದೋ ಇಲ್ಲವೋ ಎಂಬ ಭಯಕ್ಕೆ ಎಲ್ಲವನ್ನೂ ಬೇಕಾದ್ದಕ್ಕಿಂತ ದೊಡ್ಡದಾಗಿ ಕಟ್ಟುವುದು. ಹೊಸ ಹುಡುಗ ಅಳತೆ ಪಟ್ಟಿ, ಥರ್ಮಾಮೀಟರ್ ಹಿಡಿದುಕೊಂಡು ಲೆಕ್ಕ ಬರೆಯಲು ಕೂತ.

1902ರಲ್ಲಿ ಬಂದ ಕೆಲಸಕ್ಕೂ ಮನುಷ್ಯರ ಸೆಖೆಗೂ ಸಂಬಂಧ ಇರಲಿಲ್ಲ. ಬ್ರೂಕ್ಲಿನ್‌ನ ಸ್ಯಾಕೆಟ್ ವಿಲ್ಹೆಲ್ಮ್ಸ್ ಎಂಬ ಪ್ರೆಸ್ಸಿನಲ್ಲಿ ಬಣ್ಣದ ಚಿತ್ರ ಮುದ್ರಣವಾಗುತ್ತಿತ್ತು. ಒಂದೊಂದು ಬಣ್ಣಕ್ಕೂ ಅದೇ ಹಾಳೆ ಮತ್ತೆ ಮತ್ತೆ ಯಂತ್ರದೊಳಗೆ ಹೋಗಬೇಕು. ಗಾಳಿಯಲ್ಲಿ ತೇವ ಜಾಸ್ತಿಯಾದ ದಿನ ಕಾಗದ ಉಬ್ಬುವುದು, ಒಣಗಿದ ದಿನ ಕುಗ್ಗುವುದು. ನಿನ್ನೆ ಹಚ್ಚಿದ ಕೆಂಪಿನ ಮೇಲೆ ಇವತ್ತಿನ ನೀಲಿ ಸರಿಯಾಗಿ ಕೂರುತ್ತಿರಲಿಲ್ಲ. ಹಾಳೆ ದಂಡ, ದುಡ್ಡು ದಂಡ. ಕ್ಯಾರಿಯರ್ ಯಂತ್ರದ ಸೈಜಿನ ಮಾತೇ ಎತ್ತಲಿಲ್ಲ. ಒಳಗಿನ ಗಾಳಿ ಹೇಗಿರಬೇಕು ಎಂಬುದನ್ನು ಮೊದಲು ಗೊತ್ತು ಮಾಡಿಕೊಂಡರು. ಚಳಿಗಾಲದಲ್ಲಿ 70 ಡಿಗ್ರಿ ಫ್ಯಾರನ್‌ಹೀಟ್, ಬೇಸಿಗೆಯಲ್ಲಿ 80, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 21 ಮತ್ತು 27 ಡಿಗ್ರಿ. ತೇವಾಂಶ ಮಾತ್ರ ವರ್ಷಪೂರ್ತಿ 55 ಶೇಕಡಾ. ಇಷ್ಟು ಬರೆದುಕೊಂಡ ಮೇಲೆ ಇದಕ್ಕೆ ಎಷ್ಟು ತಂಪು ಬೇಕು ಅಂತ ಲೆಕ್ಕ ಹಾಕಿದರು. ನಕ್ಷೆಯ ಮೇಲಿನ ತಾರೀಖು 1902ರ ಜುಲೈ 17. ಆಗ ಅವರಿಗೆ 25 ವರ್ಷ.

ತಂಪಿನ ಲೆಕ್ಕ ದಿನಕ್ಕೆ 1,08,000 ಪೌಂಡ್ ಮಂಜುಗಡ್ಡೆ ಕರಗಿದಷ್ಟು ಆಯಿತು. ನಾವು ದಿನಾ ಬಾಯಲ್ಲಿ ಹೇಳುವ ಟನ್ ಹುಟ್ಟಿದ್ದೇ ಈ ಮಂಜುಗಡ್ಡೆಯಿಂದ. 2,000 ಪೌಂಡ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅದು ಒಂದು ಟನ್. ಗಂಟೆಗೆ 12,000 ಬಿಟಿಯು, ಸುಮಾರು ಮೂರೂವರೆ ಕಿಲೋವ್ಯಾಟ್. ಹಾಗಾಗಿ ಆ ಪ್ರೆಸ್ಸಿನದು 54 ಟನ್. ಎಸಿಯ ತೂಕಕ್ಕೂ ಇದಕ್ಕೂ ಸಂಬಂಧ ಇಲ್ಲ, ಆದರೂ ಊರಲ್ಲಿ ಈಗಲೂ ಒಂದೂವರೆ ಟನ್ ಎಸಿಯನ್ನು ಮಾಳಿಗೆ ತಡೆಯುತ್ತದಾ ಎಂದು ಕೇಳುವವರಿದ್ದಾರೆ.

ಅದೇ ವರ್ಷದ ಕೊನೆಗೆ, ಮಂಜು ಮುಸುಕಿದ ಒಂದು ಸಂಜೆ ಪಿಟ್ಸ್‌ಬರ್ಗ್ ರೈಲು ನಿಲ್ದಾಣದಲ್ಲಿ ರೈಲಿಗಾಗಿ ಕಾಯುತ್ತಿದ್ದರು. ಸುತ್ತ ಮಂಜು. ಈ ಗಾಳಿ ತೇವದಿಂದ ಪೂರ್ತಿ ತುಂಬಿದೆ, ಆದರೆ ಚಳಿ ಇರುವುದರಿಂದ ನಿಜವಾಗಿ ಇದರಲ್ಲಿ ಇರುವ ನೀರು ಕಡಿಮೆಯೇ ಎಂದು ಹೊಳೆಯಿತು. ಹಾಗಾದರೆ ತಣ್ಣೀರು ಎರಚಿ ನಾನೇ ಇಂಥ ಮಂಜು ಮಾಡಿದರೆ, ನೀರಿನ ತಣ್ಣಗೆ ಎಷ್ಟು ಎಂಬುದನ್ನು ಹಿಡಿತದಲ್ಲಿಟ್ಟರೆ, ಗಾಳಿಯಲ್ಲಿ ಎಷ್ಟು ತೇವ ಉಳಿಯಬೇಕೋ ಅಷ್ಟನ್ನೇ ಉಳಿಸಬಹುದಲ್ಲ! ನೀರು ಎರಚಿ ಗಾಳಿ ಒಣಗಿಸುವುದು ಕೇಳಲು ಹುಚ್ಚು ಮಾತು. ಆದರೆ ಇಲ್ಲಿ ಆಗಸ್ಟ್ ರಾತ್ರಿ ಎಸಿ ರೂಮಿನಿಂದ ಹೊರಗೆ ಕಾಲಿಟ್ಟ ಕೂಡಲೇ ಕನ್ನಡಕ ಮಬ್ಬಾಗುತ್ತದಲ್ಲ, ಅದೇ ಸಂಗತಿ. ತಣ್ಣನೆಯ ಗಾಜಿಗೆ ತಾಗಿದ ಗಾಳಿ ತನ್ನ ನೀರನ್ನು ಅಲ್ಲೇ ಬಿಟ್ಟುಬಿಡುತ್ತದೆ. ಕ್ಯಾರಿಯರ್ ಯಂತ್ರದಲ್ಲಿ ಗಾಜಿನ ಬದಲು ತಣ್ಣೀರಿನ ಹನಿಗಳು. ಇದಕ್ಕೆ 1906ರ ಜನವರಿ 2ರಂದು ಪೇಟೆಂಟ್ ಸಿಕ್ಕಿತು.

ಏರ್ ಕಂಡೀಷನಿಂಗ್ ಎಂಬ ಹೆಸರು ಮಾತ್ರ ಅವರದ್ದಲ್ಲ. ಅದನ್ನು ಕೊಟ್ಟವರು ಬಟ್ಟೆ ಗಿರಣಿಗಳ ಎಂಜಿನಿಯರ್ ಸ್ಟುವರ್ಟ್ ಕ್ರೇಮರ್. ಕ್ಯಾರಿಯರ್‌ಗಿಂತ ಮೊದಲು ಕಟ್ಟಡ ತಂಪು ಮಾಡಿದವರೇ ಇರಲಿಲ್ಲ ಅನ್ನುವುದೂ ತಪ್ಪು. ನ್ಯೂಯಾರ್ಕ್ ಷೇರು ಮಾರುಕಟ್ಟೆಯ ಹೊಸ ಕಟ್ಟಡಕ್ಕೆ ಅದೇ ಹೊತ್ತಿನಲ್ಲಿ ಆಲ್‌ಫ್ರೆಡ್ ವುಲ್ಫ್ ಎಂಬ ಎಂಜಿನಿಯರ್ ತಂಪಿನ ವ್ಯವಸ್ಥೆ ಮಾಡಿದ್ದರು. ಎಸಿಯ ಪಿತಾಮಹ ಎಂಬ ಪಟ್ಟ ಕೊಡುವಾಗ ನಾವು ಇವರನ್ನೆಲ್ಲ ಮರೆಯುತ್ತೇವೆ. ನನ್ನ ಪ್ರಕಾರ ಕ್ಯಾರಿಯರ್ ದೊಡ್ಡವರಾಗಿದ್ದು ಲೆಕ್ಕದಿಂದ. ಎಷ್ಟು ಬಿಸಿಯ ಗಾಳಿ ಎಷ್ಟು ನೀರು ಹಿಡಿದುಕೊಳ್ಳುತ್ತದೆ ಎಂಬ ಸೂತ್ರಗಳನ್ನು 1911ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದಿಟ್ಟರು. ಅಲ್ಲಿಯವರೆಗೆ ಅನುಭವಸ್ಥರ ಕೈಚಳಕವಾಗಿದ್ದ ಕೆಲಸ ಅಂದಿನಿಂದ ಯಾರೂ ಕಲಿಯಬಹುದಾದ ವಿದ್ಯೆಯಾಯಿತು. ಎಸಿ ಡಿಪ್ಲೊಮಾ ಮಾಡಿದವರನ್ನು ಕೇಳಿ ನೋಡಿ, ಸೈಕ್ರೊಮೆಟ್ರಿಕ್ ಚಾರ್ಟ್ ಎಂಬ ಗೆರೆಗಳ ಕಾಡಿನಲ್ಲಿ ಅವರೂ ಒದ್ದಾಡಿಯೇ ಬಂದಿರುತ್ತಾರೆ.

ಅಂಗಡಿಯ ಮಾಲೀಕ ತಲೆ ಕೆರೆದುಕೊಂಡದ್ದಕ್ಕೆ ಉತ್ತರ ಇಲ್ಲೇ ಇದೆ. ತಂಪು ಮಾಡುವುದು ಒಂದು ಕೆಲಸ, ಒಣಗಿಸುವುದು ಇನ್ನೊಂದು. ಬೇಕಾದ್ದಕ್ಕಿಂತ ದೊಡ್ಡ ಎಸಿ ರೂಮನ್ನು ಬೇಗ ತಣ್ಣಗೆ ಮಾಡಿ ಕಂಪ್ರೆಸರ್ ನಿಲ್ಲಿಸಿಬಿಡುತ್ತದೆ. ಗಾಳಿಯ ನೀರು ಕಾಯಿಲ್ ಮೇಲೆ ಇಳಿದು ಪೈಪಿನಲ್ಲಿ ಹೊರಗೆ ಹೋಗುವಷ್ಟು ಹೊತ್ತು ಅದು ಓಡುವುದೇ ಇಲ್ಲ. ತೇವ ಒಳಗೇ ಉಳಿಯುತ್ತದೆ.

ಮೊದಲ ಗಿರಾಕಿಗಳೆಲ್ಲ ಕಾರ್ಖಾನೆಗಳೇ. ದಕ್ಷಿಣ ಅಮೆರಿಕ ಸಂಯುಕ್ತ ಸಂಸ್ಥಾನಗಳ ಹತ್ತಿ ಗಿರಣಿಗಳು, ತಂಬಾಕು, ಶ್ಯಾವಿಗೆ, ಫಿಲ್ಮ್, ಔಷಧಿ. 1907ರಲ್ಲಿ ಜಪಾನಿನ ಯೊಕೊಹಾಮಾದ ಒಂದು ರೇಷ್ಮೆ ಗಿರಣಿಗೂ ಯಂತ್ರ ಹೋಯಿತು. ಹತ್ತಿ ಗಿರಣಿಯಲ್ಲಿ ಇನ್ನೊಂದು ಪಾಠ ಆಯಿತು. ಸಾವಿರಾರು ಕದಿರುಗಳು ತಿರುಗುವಾಗ ಹುಟ್ಟುವ ಶಾಖವೇ ದೊಡ್ಡ ಹೊರೆ, ಕೋಣೆ ಅಳೆದರೆ ಅದು ಗೊತ್ತಾಗುವುದಿಲ್ಲ. ಕೆಫೆಟೇರಿಯಾದ ತಂದೂರಿ ಒಲೆ, ಗ್ರೋಸರಿಯ ಫ್ರಿಜ್‌ಗಳು ಹೊರಬಿಡುವ ಬಿಸಿ, ಗಿರಾಕಿ ಬಂದಾಗೆಲ್ಲ ತೆರೆಯುವ ಬಾಗಿಲು ಇವೆಲ್ಲ ಇದೇ ಲೆಕ್ಕಕ್ಕೆ ಬರುವಂಥವು.

1914ರಲ್ಲಿ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಬಫಲೋ ಫೋರ್ಜ್ ಹೆದರಿ, ಇನ್ನು ಯಂತ್ರ ತಯಾರಿಸುವುದಷ್ಟೇ, ಈ ಎಂಜಿನಿಯರಿಂಗ್ ವಿಭಾಗ ಬೇಡ ಎಂದಿತು. ಕಂಪನಿ ಖರ್ಚು ಕಡಿಮೆ ಮಾಡುತ್ತೇನೆ ಎಂದು ಹೊರಟರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕ್ಯಾರಿಯರ್‌ಗೆ ಆಗ 38 ವರ್ಷ. ಮೊದಲ ಹೆಂಡತಿ ಕ್ಲೇರ್ 1912ರಲ್ಲಿ ತೀರಿಹೋಗಿ, ಎರಡನೇ ಮದುವೆಯಾಗಿ ಸ್ವಲ್ಪವೇ ಕಾಲವಾಗಿತ್ತು. ಗೆಳೆಯ ಇರ್ವಿನ್ ಲೈಲ್ ಹುರಿದುಂಬಿಸಿ, ಏಳು ಜನ ಎಂಜಿನಿಯರುಗಳು ಕೈಯಲ್ಲಿದ್ದ ಉಳಿತಾಯ ಸೇರಿಸಿ 32,600 ಡಾಲರ್ ಬಂಡವಾಳದಲ್ಲಿ 1915ರಲ್ಲಿ ಕ್ಯಾರಿಯರ್ ಎಂಜಿನಿಯರಿಂಗ್ ಕಾರ್ಪೊರೇಷನ್ ಶುರುಮಾಡಿದರು. ಸ್ವಂತ ಕಾರ್ಖಾನೆ ಇಲ್ಲ, ಮಾರಲು ಇದ್ದದ್ದು ತಲೆ ಮಾತ್ರ.

ಅಂಗಡಿ, ಸಿನಿಮಾ ಟಾಕೀಸ್‌ಗಳಿಗೆ ಎಸಿ ಹಾಕಲು ದೊಡ್ಡ ಅಡ್ಡಿ ಗ್ಯಾಸ್. ಆಗಿನ ಯಂತ್ರಗಳಲ್ಲಿ ಹೆಚ್ಚಾಗಿ ಅಮೋನಿಯಾ. ಸೋರಿದರೆ ಕಣ್ಣು, ಶ್ವಾಸ ಎರಡಕ್ಕೂ ಅಪಾಯ. ಪಿಸ್ಟನ್ ಕಂಪ್ರೆಸರ್‌ಗಳು ಒಂದು ಕೋಣೆಯನ್ನೇ ನುಂಗುವಷ್ಟು ದೊಡ್ಡವು. ಜನ ತುಂಬಿದ ಕಟ್ಟಡದ ನೆಲಮಾಳಿಗೆಯಲ್ಲಿ ಅದನ್ನಿಡಲು ಯಾರು ಒಪ್ಪುತ್ತಾರೆ? ಕ್ಯಾರಿಯರ್ ಪಿಸ್ಟನ್ ಬಿಟ್ಟು, ಫ್ಯಾನಿನ ಹಾಗೆ ವೇಗವಾಗಿ ತಿರುಗುವ ಸೆಂಟ್ರಿಫ್ಯೂಗಲ್ ಕಂಪ್ರೆಸರ್ ಕಡೆ ಹೋದರು. ಅದಕ್ಕೆ ಹೊಂದುವ ದ್ರವ ಹುಡುಕಿ, ಬಟ್ಟೆ ಶುಚಿಗೊಳಿಸಲು ಬಳಸುತ್ತಿದ್ದ ಡೈಲೀನ್ ಆರಿಸಿದರು. ಕಂಪ್ರೆಸರ್ ಜರ್ಮನಿಯ ಲೈಪ್‌ಜಿಗ್‌ನಿಂದ ಬಂತು. 1922ರ ಮೇ ತಿಂಗಳಲ್ಲಿ ನ್ಯೂವಾರ್ಕ್‌ನಲ್ಲಿ ಆ ಚಿಲ್ಲರ್ ಅನ್ನು ಜನರ ಮುಂದಿಟ್ಟರು. ದೊಡ್ಡ ಮಾಲ್‌ಗಳ ಪ್ಲಾಂಟ್ ರೂಮಿನಲ್ಲಿ ಇವತ್ತು ಗುಂಯ್ ಎನ್ನುವ ಸೆಂಟ್ರಿಫ್ಯೂಗಲ್ ಚಿಲ್ಲರ್‌ಗಳೆಲ್ಲ ಅದರ ಸಂತಾನ.

1924ರಲ್ಲಿ ಡೆಟ್ರಾಯಿಟ್‌ನ ಹಡ್ಸನ್ ಡಿಪಾರ್ಟ್‌ಮೆಂಟ್ ಸ್ಟೋರ್‌ಗೆ ಇಂಥ ಮೂರು ಚಿಲ್ಲರ್ ಹಾಕಿದರು, ಒಂದೊಂದು 195 ಟನ್. ನೆಲಮಾಳಿಗೆಯಲ್ಲಿ ರಿಯಾಯಿತಿ ಮಾರಾಟ ಇಟ್ಟ ದಿನ ಗಿರಾಕಿಗಳು ಸೆಖೆಗೆ ತಲೆ ತಿರುಗಿ ಬೀಳುತ್ತಿದ್ದ ಅಂಗಡಿ ಅದು. ಮೂರೂ ಸೇರಿ 585 ಟನ್, ಅಂದರೆ ನಮ್ಮ ರೂಮಿನ ಒಂದೂವರೆ ಟನ್ ಎಸಿ 390. ಆ ಕಾಲದಲ್ಲಿ!

ಮರುವರ್ಷ ಬಂತು ನಿಜವಾದ ಪರೀಕ್ಷೆ, ನ್ಯೂಯಾರ್ಕ್ ಟೈಮ್ಸ್ ಸ್ಕ್ವೇರ್‌ನ ರಿವೋಲಿ ಟಾಕೀಸ್. ಹೊಸ ದ್ರವ ಸುರಕ್ಷಿತ ಎಂದು ನಗರದ ಅಧಿಕಾರಿ ಒಪ್ಪಲಿಲ್ಲ. ಕ್ಯಾರಿಯರ್ ಅವರ ಆಫೀಸಿನಲ್ಲೇ ಒಂದು ಪಾತ್ರೆಗೆ ಡೈಲೀನ್ ಸುರಿದು ಬೆಂಕಿಕಡ್ಡಿ ಗೀರಿ ಹಾಕಿದರು, ಅದು ಸಿಡಿಯದೆ ನಿಧಾನವಾಗಿ ಉರಿಯಿತು ಎಂಬ ಕಥೆ ಇದೆ. ಇವತ್ತು ಯಾರಾದರೂ ಸೇಫ್ಟಿ ಆಫೀಸರ್ ಮುಂದೆ ಹಾಗೆ ಮಾಡಿದರೆ ಅದೇ ದಿನ ವೀಸಾ ಕ್ಯಾನ್ಸಲ್!

ಅದಕ್ಕೂ ಮೊದಲು ಟಾಕೀಸ್‌ಗಳಲ್ಲಿ ತಣ್ಣನೆ ಗಾಳಿಯನ್ನು ಸೀಟಿನ ಕೆಳಗಿಂದ ಬಿಡುತ್ತಿದ್ದರು. ತಣ್ಣನೆ ಗಾಳಿ ಭಾರ, ಅದು ಮೇಲೇಳದೆ ನೆಲದಲ್ಲೇ ಕೂತು ಕಾಲು ಮರಗಟ್ಟಿಸುವುದು, ತಲೆ ಬೆವರುವುದು. ಕ್ಯಾರಿಯರ್ ಕಂಪನಿಯ ಪಾಲುದಾರ ಲೋಗನ್ ಲೂಯಿಸ್ ಇದನ್ನು ತಲೆಕೆಳಗು ಮಾಡಿದರು. ಗಾಳಿ ಛಾವಣಿಯಿಂದ ಮೆಲ್ಲಗೆ ಇಳಿಯಲಿ, ಕೆಳಗಿಂದ ವಾಪಸ್ ಎಳೆಯೋಣ, ವಾಪಸ್ ಬಂದದ್ದರಲ್ಲಿ ಒಂದು ಪಾಲನ್ನು ತಣ್ಣಗೆ ಮಾಡದೆ ಹಾಗೇ ಬೆರೆಸೋಣ ಎಂಬ ಏರ್ಪಾಡು. ಟನ್ ಎಷ್ಟೇ ಇರಲಿ, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೋಡದಿದ್ದರೆ ಅರ್ಧ ದುಡ್ಡು ನೀರುಪಾಲು. ನಮ್ಮ ಹೋಟೆಲುಗಳಲ್ಲಿ ಒಂದು ಟೇಬಲ್ ಮೇಲೆ ಮಾತ್ರ ಹಿಮಾಲಯ, ಪಕ್ಕದ ಟೇಬಲಿನಲ್ಲಿ ಬೆವರು ಇರುವುದು ಇದೇ ಕಾರಣಕ್ಕೆ.

1925ರ ಮೇ ಕೊನೆ, ಮೆಮೋರಿಯಲ್ ಡೇ ರಜೆ. ರಿವೋಲಿ ಭರ್ತಿ. ಯಂತ್ರ ಚಾಲೂ ಮಾಡುವುದು ತಡವಾಗಿತ್ತು. ಕೂತಿರುವ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ ಹೊರಬೀಳುತ್ತದೆ. ಎರಡು ಸಾವಿರ ಜನ ಅಂದರೆ ಜನರ ಮೈಬಿಸಿಯನ್ನು ತೆಗೆಯಲಿಕ್ಕೇ 57 ಟನ್ ಬೇಕು. ಜನ ಅಭ್ಯಾಸಬಲದಿಂದ ಬೀಸಣಿಗೆ ತಂದಿದ್ದರು, ಇಡೀ ಟಾಕೀಸ್ ಬೀಸಿಕೊಳ್ಳುತ್ತಿತ್ತು. ಪ್ಯಾರಾಮೌಂಟ್‌ನ ಮುಖ್ಯಸ್ಥ ಅಡಾಲ್ಫ್ ಜುಕೋರ್ ಸ್ವತಃ ಬಂದು ಕೂತಿದ್ದಾರೆ. ಕ್ಯಾರಿಯರ್ ಮತ್ತು ಜೊತೆಗಾರರು ಹಿಂದೆ ನಿಂತು ಪರದೆ ನೋಡಲಿಲ್ಲ, ಬೀಸಣಿಗೆಗಳನ್ನೇ ನೋಡುತ್ತಿದ್ದರು. ಒಂದೊಂದಾಗಿ ಬೀಸಣಿಗೆಗಳು ಮಡಿಲಿಗಿಳಿದವು. ಕೊನೆಗೆ ಬೀಸುತ್ತಿದ್ದ ನಾಲ್ಕಾರು ಜನರೂ ನಿಲ್ಲಿಸಿದರು. ಹೊರಗೆ ಬಂದ ಜುಕೋರ್ ಜನ ಇದನ್ನು ಮೆಚ್ಚುತ್ತಾರೆ ಎಂದು ಒಪ್ಪಿಕೊಂಡರು.

ಆಮೇಲೆ ಓಟ ಜೋರಾಯಿತು. 1928ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ 21 ಮಹಡಿಯ ಮೈಲಾಮ್ ಬಿಲ್ಡಿಂಗ್, ಕಟ್ಟುವಾಗಲೇ ಪೂರ್ತಿ ಎಸಿ ಸೇರಿಸಿಕೊಂಡ ಮೊದಲ ಎತ್ತರದ ಆಫೀಸು ಕಟ್ಟಡ. 1930ರಲ್ಲಿ ಬೇರೆ ಎರಡು ಕಂಪನಿಗಳ ಜೊತೆ ವಿಲೀನವಾಗಿ ಕ್ಯಾರಿಯರ್ ಕಾರ್ಪೊರೇಷನ್ ಆದದ್ದೂ, ಆರ್ಥಿಕ ಕುಸಿತ ಬಂದು ಕುತ್ತಿಗೆಗೆ ನಿಂತದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಹೇಗೋ ದಾಟಿಕೊಂಡು 1937ರಲ್ಲಿ ಚದುರಿದ್ದ ಕಾರ್ಖಾನೆಗಳನ್ನೆಲ್ಲ ಸಿರಕ್ಯೂಸ್‌ಗೆ ತಂದರು.

ಅರವತ್ತು ದಾಟಿದ ಮೇಲೂ ಒಂದು ದೊಡ್ಡ ತೊಡಕು ಬಿಡಿಸಿದರು. ಗಗನಚುಂಬಿ ಕಟ್ಟಡಕ್ಕೆ ಬರೀ ಗಾಳಿಯಿಂದಲೇ ತಂಪು ಕೊಡುತ್ತೇನೆ ಎಂದರೆ ಡಕ್ಟ್‌ಗಳೇ ಬಾಡಿಗೆಗೆ ಕೊಡುವ ಜಾಗ ತಿಂದುಹಾಕುತ್ತವೆ. ನೀರು ಹಾಗಲ್ಲ, ಸಣ್ಣ ಪೈಪಿನಲ್ಲೇ ಬೇಕಾದಷ್ಟು ತಂಪು ಹೊತ್ತುಕೊಂಡು ಹೋಗುತ್ತದೆ. ಸಣ್ಣ ಕೊಳವೆಯಲ್ಲಿ ವೇಗದ ಗಾಳಿ, ಜೊತೆಗೆ ಪೈಪಿನಲ್ಲಿ ತಣ್ಣೀರು ಕೋಣೆ ಕೋಣೆಗೂ ಹೋಗಲಿ, ಅಲ್ಲಲ್ಲೇ ಹೆಚ್ಚು ಕಡಿಮೆ ಮಾಡಿಕೊಳ್ಳಲಿ ಎಂಬ ವ್ಯವಸ್ಥೆ ಮಾಡಿದರು. ಇಲ್ಲಿನ ಟವರುಗಳ ಪ್ರತಿ ಫ್ಲಾಟಿಗೂ ಚಿಲ್ಡ್ ವಾಟರ್ ಪೈಪ್ ಯಾಕೆ ಬರುತ್ತದೆ, ಸಣ್ಣ ಅಂಗಡಿಗೆ ಸ್ಪ್ಲಿಟ್ ಸಾಕಾದರೂ ದೊಡ್ಡ ಕಟ್ಟಡಕ್ಕೆ ಚಿಲ್ಲರ್ ಯಾಕೆ ಬೇಕು ಎಂಬುದರ ಹಿಂದೆ ಇರುವುದು ಇದೇ ಲೆಕ್ಕ.

ಮನುಷ್ಯ ಮಾತ್ರ ಮಹಾ ಮರೆವಿನವರು. ಒಮ್ಮೆ ಪ್ರವಾಸಕ್ಕೆ ದೊಡ್ಡ ಸೂಟ್‌ಕೇಸ್ ಹೊತ್ತು ಹೋಗಿ ತೆರೆದು ನೋಡಿದರೆ ಒಳಗೆ ಇದ್ದದ್ದು ಒಂದೇ ಒಂದು ಕರವಸ್ತ್ರವಂತೆ. ಮೂರು ಬಾರಿ ಮದುವೆಯಾದರು, ಇಬ್ಬರು ಹೆಂಡಿರು ಕಣ್ಣೆದುರೇ ಹೋದರು. ಇಬ್ಬರು ಗಂಡುಮಕ್ಕಳನ್ನು ದತ್ತು ತಗೊಂಡು ಸಾಕಿದರು. ಸಿರಕ್ಯೂಸ್‌ನಲ್ಲಿ 1980ರಲ್ಲಿ ಅವರ ಕಂಪನಿಯ ಹೆಸರಲ್ಲೇ ಕ್ಯಾರಿಯರ್ ಡೋಮ್ ಎಂಬ ದೊಡ್ಡ ಸ್ಟೇಡಿಯಂ ಎದ್ದಿತು, ಹತ್ತಾರು ವರ್ಷ ಅದರಲ್ಲಿ ಎಸಿಯೇ ಇರಲಿಲ್ಲ!

ಅಮೆರಿಕದ ಮಧ್ಯಮವರ್ಗದ ಮನೆಗಳಿಗೆ ಕಿಟಕಿ ಎಸಿ ನುಗ್ಗಲು ಶುರುವಾದ ಹೊತ್ತಿಗೆ, 1950ರ ಅಕ್ಟೋಬರ್ 7ರಂದು, ಕ್ಯಾರಿಯರ್ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. ವಯಸ್ಸು 73. ಮಣ್ಣು ಮಾಡಿದ್ದು ಬಫಲೋದ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ, ವಾರಕ್ಕೆ 10 ಡಾಲರಿಗೆ ಕೆಲಸಕ್ಕೆ ಸೇರಿದ ಊರಿನಲ್ಲೇ.