ಪ್ರಶ್ನೆ ಕೇಳಲು ಕಲಿಸಿದ ನರಸಿಂಹಯ್ಯನವರು

ಗೌರಿಬಿದನೂರು ತಾಲೂಕಿನ ಹೊಸೂರು ಆಂಧ್ರದ ಗಡಿಗೆ ಸಮೀಪದ ಊರು. ಶಾಲೆಯಲ್ಲೊಂದು ಭಾಷೆ, ಸಂತೆಯಲ್ಲೊಂದು ಭಾಷೆ ಎಂಬ ಪಾಡು ಕಾಸರಗೋಡಿನವರಿಗೂ ಝರಾಸಂಗಂ ಕಡೆಯ ಕನ್ನಡಿಗರಿಗೂ ಹೊಸದಲ್ಲ. ಡಾ. ಎಚ್. ನರಸಿಂಹಯ್ಯನವರು ಆ ಹೊಸೂರಿನ ಬಡ ಕುಟುಂಬವೊಂದರಲ್ಲಿ 1920ರ ಜೂನ್ 6ರಂದು ಜನಿಸಿದರು. ಹೈಸ್ಕೂಲು ಸೇರಲು 1935ರಲ್ಲಿ ಎರಡು ದಿನ ಕಾಲ್ನಡಿಗೆಯಲ್ಲೇ ಬೆಂಗಳೂರು ತಲುಪಿದರು. 1942ರ ಚಳವಳಿಯಲ್ಲಿ ಓದು ಬಿಟ್ಟು ಸೆರೆಮನೆ ಕಂಡರು. 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. 1960ರಲ್ಲಿ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ಮರಳಿ ಬಂದ ಮೇಲೂ ಅದೇ ಖಾದಿ ಜುಬ್ಬ, ಅದೇ ಟೋಪಿ, ವಿದ್ಯಾರ್ಥಿನಿಲಯದ ಅದೇ ಕೋಣೆ. ಮದುವೆಯಾಗಲಿಲ್ಲ.

1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ವಿಜ್ಞಾನ ವೇದಿಕೆಯಲ್ಲಿ ವಾರವಾರವೂ ಉಪನ್ಯಾಸ ನಡೆಯುತ್ತಿತ್ತು. ಆದರೆ ನಾಡಿಗೆಲ್ಲ ಅವರ ಹೆಸರು ಹಬ್ಬಿದ್ದು 1976ರಲ್ಲಿ. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಅವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿ ತಾವೇ ಅಧ್ಯಕ್ಷರಾದರು. ಪಾಂಡವಪುರದಲ್ಲಿ ಬಾಲಕನೊಬ್ಬನು ವಿಭೂತಿ ಸೃಷ್ಟಿಸುತ್ತಾನೆಂಬ ಸುದ್ದಿಯಿತ್ತು. ಸಮಿತಿಯವರು ಮುನ್ಸೂಚನೆಯಿಲ್ಲದೆ ಹೋಗಿ ನೋಡಿದಾಗ ವಿಭೂತಿ ಬಟ್ಟೆಯೊಳಗೇ ಇತ್ತು. ಸತ್ಯಸಾಯಿ ಬಾಬಾರವರಿಗೂ ಪರೀಕ್ಷೆಗೆ ಒಪ್ಪುವಂತೆ ಮೂರು ಪತ್ರ ಬರೆದರು, ಉತ್ತರ ಬರಲಿಲ್ಲ. ಕುಲಪತಿಗೆ ಈ ಉಸಾಬರಿ ಏಕೆಂದು ಕೇಳಿದವರು ಹಲವರು. 1977ರಲ್ಲಿ ಅವರ ಅಧಿಕಾರಾವಧಿ ಮುಗಿಯಿತು.

ಈ ಪ್ರಸಂಗವನ್ನು ನಾನು ಒಂಬತ್ತನೆಯ ತರಗತಿಯಲ್ಲಿ ಹೇಳುವುದುಂಟು. ಉತ್ತರ ಬರಲಿಲ್ಲವೆಂದರೆ ಮೋಸವೇ ಎಂದು ಮಕ್ಕಳು ಥಟ್ಟನೆ ತೀರ್ಪು ಕೊಡುತ್ತಾರೆ. ಅಲ್ಲೇ ತಡೆಯಬೇಕು. ಪಾಂಡವಪುರದಲ್ಲಿ ಸಿಕ್ಕಿದ್ದು ಪುರಾವೆ, ಮೌನ ಪುರಾವೆಯಲ್ಲ. ಈ ವ್ಯತ್ಯಾಸ ತಿಳಿಯದವನು ಪವಾಡವನ್ನು ತಳ್ಳಿಹಾಕಿ ಪಿತೂರಿಯ ಕಥೆಯನ್ನು ನಂಬುತ್ತಾನೆ, ಅಷ್ಟೆ.

2016ರ ನವೆಂಬರಿನಲ್ಲಿ ಎರಡು ಸಾವಿರದ ನೋಟಿನೊಳಗೆ ಚಿಪ್ಪು ಇದೆ, ನೆಲದಡಿ ಹೂತರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂಬ ಸುದ್ದಿ ಎಲ್ಲ ಭಾಷೆಗಳಲ್ಲೂ ಓಡಾಡಿತು. ಅಂಥದ್ದೇನೂ ಇಲ್ಲವೆಂದು ಸರಕಾರದವರು ಹೇಳಿದ್ದೇ ಗುಟ್ಟಿಗೆ ಸಾಕ್ಷಿ ಎಂದು ವಾದಿಸುವವರಿದ್ದರು. ಹೌದೆಂದರೂ ನಿಜ, ಅಲ್ಲವೆಂದರೂ ನಿಜ ಎನ್ನುವ ಮಾತನ್ನು ಸುಳ್ಳೆಂದು ತೋರಿಸುವ ದಾರಿ ಯಾವುದು? ಮಕ್ಕಳಿಗೆ ಹಾಕಬೇಕಾದ ಪ್ರಶ್ನೆ ಇದು. ಆಮೇಲೆ ಉಪಗ್ರಹದ ಸಂಕೇತ ಮಣ್ಣಿನಡಿ ಎಷ್ಟು ಆಳಕ್ಕೆ ತಲುಪೀತೆಂದು ಕೇಳಿದರೆ ಅರ್ಧ ಪಾಠ ಮುಗಿದಂತೆ.

1995ರ ಸೆಪ್ಟೆಂಬರ್ 21ರಂದು ಗಣಪತಿ ಹಾಲು ಕುಡಿದ ದಿನವನ್ನು ಹಿರಿಯರು ಮರೆತಿರಲಾರರು. ವಿಜ್ಞಾನಿಗಳು ಹಾಲಿಗೆ ಬಣ್ಣ ಬೆರೆಸಿ, ಅದು ವಿಗ್ರಹದ ಮೈಮೇಲೆ ತೆಳುವಾಗಿ ಇಳಿಯುವುದನ್ನು ತೋರಿಸಿದರು. ಮೇಲ್ಮೈ ಎಳೆತದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲಿಲ್ಲ. ಚಮಚ, ಹಾಲು, ಮಣ್ಣಿನ ಗೊಂಬೆ ಇದ್ದರೆ ಸಾಕು.

ನರಸಿಂಹಯ್ಯನವರು ಹೋರಾಟದ ಹಾದಿ ಎಂಬ ಆತ್ಮಕಥೆ ಬರೆದರು. 2005ರ ಜನವರಿ 31ರಂದು ಬೆಂಗಳೂರಿನಲ್ಲಿ ತೀರಿಕೊಂಡರು.