ಕೋಟಿಗೊಂದು ಫೋಟಾನು

ಫೆಬ್ರವರಿ 28 ಬಂತಂದ್ರ ಕಾಲೇಜುಗಳಾಗ ಒಂದು ಕ್ವಿಜ್, ಒಂದು ಭಾಷಣ, ಸರ್ ಸಿ.ವಿ. ರಾಮನ್ ಫೋಟೊಕ್ಕ ಒಂದು ಹಾರ. ಅವರಿಗೆ ನೊಬೆಲ್ ಬಂದದ್ದು ಎಲ್ಲರಿಗೂ ಗೊತ್ತು. ಆದರೆ ಅವರು ಕಂಡ ಬೆಳಕು ರೋಗ ಪತ್ತೆಯ ಕೆಲಸಕ್ಕೆ ಹೇಗೆ ಬಂತು, ಕುಷ್ಟಗಿ, ಯಲಬುರ್ಗಾದ ಆಸ್ಪತ್ರೆ ತನಕ ಯಾಕಿನ್ನೂ ಮುಟ್ಟಿಲ್ಲ ಅಂತ ನಾವು ಕೇಳೋದು ಕಡಿಮೆ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ಮದ್ರಾಸಿನಲ್ಲಿ ಎಂ.ಎ. ಮುಗಿಸಿ 1907ರಲ್ಲಿ ಕಲ್ಕತ್ತೆಗೆ ಹೋದದ್ದು ವಿಜ್ಞಾನಿಯಾಗಿ ಅಲ್ಲ, ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾಗಿ. ಆಫೀಸಿಗೆ ಮುಂಚೆ, ಆಫೀಸು ಬಿಟ್ಟ ಮೇಲೆ ಬೌಬಜಾರಿನ ಇಂಡಿಯನ್ ಅಸೋಸಿಯೇಷನ್ ಲ್ಯಾಬಿನಲ್ಲಿ ಪ್ರಯೋಗ. ಹತ್ತು ವರ್ಷ ಹೀಗೇ ನಡೀತು. 1917ರಲ್ಲಿ ಆ ಕೆಲಸ ಬಿಟ್ಟು, ಅದಕ್ಕಿಂತ ಕಡಿಮೆ ಸಂಬಳದ ಪ್ರೊಫೆಸರ್ ಹುದ್ದೆ ಹಿಡಿದರು.

1921ರಲ್ಲಿ ಯುರೋಪಿಗೆ ಹಡಗಿನಲ್ಲಿ ಹೋಗಿಬಂದಾಗ ಸಮುದ್ರದ ನೀಲಿ ಅವರ ತಲೆ ಹೊಕ್ಕಿತು. ಆಕಾಶದ ಪ್ರತಿಬಿಂಬವಷ್ಟೇ ಅಲ್ಲ, ನೀರಿನ ಅಣುಗಳೇ ಬೆಳಕನ್ನು ಚದುರಿಸ್ತಾವೆ ಅಂತ ತೋರಿಸಿದರು. ಅದೇ ಜಾಡಿನಲ್ಲಿ ಏಳು ವರ್ಷ ನಡೆದು, 1928ರ ಫೆಬ್ರವರಿ 28ರಂದು ಕೆ.ಎಸ್. ಕೃಷ್ಣನ್ ಜೊತೆ ಆ ಹೊಸ ಬೆಳಕನ್ನು ಕಂಡರು. ಸಲಕರಣೆ ಏನು? ಬಿಸಿಲು, ಪಾದರಸದ ದೀಪ, ಬಣ್ಣದ ಫಿಲ್ಟರು, ಒಂದು ಸ್ಪೆಕ್ಟ್ರೋಸ್ಕೋಪು.

ವಿಷಯ ಇಷ್ಟೇ: ಅಣುವಿಗೆ ತಾಗಿದ ಬೆಳಕಿನಲ್ಲಿ ಸುಮಾರು ಕೋಟಿಗೊಂದು ಫೋಟಾನು ಬಣ್ಣ ಬದಲಿಸಿ ಹೊರಬರುತ್ತದೆ. ಎಷ್ಟು ಬದಲಿಸಿತು ಅನ್ನೋದೇ ಆ ಅಣುವಿನ ಗುರುತು, ಬೆರಳಚ್ಚು ಇದ್ದ ಹಾಗೆ. ನೀರು ಈ ಅಳತೆಗೆ ಹೆಚ್ಚು ಅಡ್ಡ ಬರೋದಿಲ್ಲ. ಹಾಗಾಗಿ ರಕ್ತ, ಜೀವಕೋಶ ಓದಲು ಇದು ಒಳ್ಳೆ ದಾರಿ.

1930ರಲ್ಲಿ ನೊಬೆಲ್. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. 1937ರಲ್ಲಿ ಆ ಕುರ್ಚಿ ಬಿಟ್ಟರೂ 1948ರ ತನಕ ಅಲ್ಲೇ ಭೌತಶಾಸ್ತ್ರದ ಪ್ರೊಫೆಸರ್. ಆಮೇಲೆ ತಮ್ಮದೇ ರಾಮನ್ ಸಂಶೋಧನಾ ಸಂಸ್ಥೆ. 1954ರಲ್ಲಿ ಭಾರತರತ್ನ. 1970ರ ನವೆಂಬರ್ 21ರಂದು ತೀರಿಕೊಂಡರು; ಅಂತ್ಯಸಂಸ್ಕಾರ ಅದೇ ಸಂಸ್ಥೆಯ ಅಂಗಳದಲ್ಲಿ ನಡೆಯಿತು.

ಅಷ್ಟೊತ್ತಿಗೆ ಲೇಸರ್ ಬಂದು ಹತ್ತು ವರ್ಷ. ಕೋಟಿಗೊಂದು ಫೋಟಾನು ಹಿಡಿಯೋಕೆ ಬೇಕಿದ್ದ ತೀಕ್ಷ್ಣ ಬೆಳಕು ಸಿಕ್ಕಿತ್ತು. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಒರಟು ಬೆಳ್ಳಿಯ ಮೇಲೆ ಅಂಟಿದ ಅಣು ಭಾರೀ ಜೋರಾದ ಸಿಗ್ನಲ್ ಕೊಟ್ಟಿತು. ಇವತ್ತಿನ ಎಷ್ಟೋ ರಾಮನ್ ಬಯೋಸೆನ್ಸರುಗಳಿಗೆ ಅದೇ ಅಡಿಪಾಯ. ರಾಮನ್ ಇದ್ದ ವಿಜ್ಞಾನ ಸಂಸ್ಥೆಯಲ್ಲೇ ಮುಂದೆ ಶಿವ ಉಮಾಪತಿ ಅವರ ತಂಡ, ಪದರದ ಒಳಗೆ ಮುಚ್ಚಿಕೊಂಡ ವಸ್ತುವನ್ನೂ ಹೊರಗಿನಿಂದಲೇ ಓದುವ ಉಮಾರ್ಸ್ ಎಂಬ ರಾಮನ್ ವಿಧಾನ ರೂಪಿಸಿತು.

ಹಂಗಾರ ತಡ ಎಲ್ಲೈತಿ? ರಕ್ತಕ್ಕೆ ಲೇಸರ್ ಬಿಟ್ಟರೆ ಫ್ಲೋರೊಸೆನ್ಸ್ ಎದ್ದು ಸಣ್ಣ ಸಿಗ್ನಲನ್ನು ನುಂಗಿಬಿಡ್ತದೆ. ಒಬ್ಬರ ರಕ್ತದಂತೆ ಇನ್ನೊಬ್ಬರದು ಇರೋದಿಲ್ಲ. ನೂರಾರು ಮಾದರಿ ತಗೊಂಡು, ಲ್ಯಾಬ್ ವರದಿಗೆ ಹೋಲಿಸಿ ಕ್ಯಾಲಿಬ್ರೇಟ್ ಮಾಡಬೇಕು. ಬೆಲೆ ಇಳೀಬೇಕು. ನಮ್ಮ ಕಡೆ ಅಂದ್ರೆ ಏಪ್ರಿಲ್ ಬಿಸಿಲು, ಧೂಳು, ಕರೆಂಟ್ ಹೋಗೋದು, ಇವನ್ನೂ ತಡೀಬೇಕು. ಹಳ್ಳಿಯಿಂದ ಒಂದು ರಕ್ತಪರೀಕ್ಷೆಗೆ ಕೊಪ್ಪಳಕ್ಕೋ ಗಂಗಾವತಿಗೋ ಬಂದವರಿಗೆ ಒಂದು ದಿನದ ಕೂಲಿ ಹೋಗ್ತದೆ. ಊರಲ್ಲೇ ಪರೀಕ್ಷೆ ಆದರೆ ಆ ಕೂಲಿ ಉಳೀತದೆ.

ಇಲ್ಲಿ ಬಾಕಿ ಇರೋ ಕೆಲಸದಲ್ಲಿ ಹೆಚ್ಚಿನ ಪಾಲು ಎಂಜಿನಿಯರಿಂಗಿನದು. ಸರ್ಕ್ಯೂಟು ಇಸಿಯವರದು, ಬಿಸಿ ತಡೆಯೋ ಪೆಟ್ಟಿಗೆ ಮೆಕ್ಯಾನಿಕಲ್‌ನವರದು, ಸಿಗ್ನಲನ್ನು ಗದ್ದಲದಿಂದ ಬೇರ್ಪಡಿಸೋದು ಸಿಎಸ್‌ನವರದು. ಫೈನಲ್ ಇಯರ್ ಪ್ರಾಜೆಕ್ಟಿಗೆ ಮೊದಲೇ ರಾಮನ್ ಯಂತ್ರಕ್ಕೆ ಕೈ ಹಾಕಬೇಕಂತಿಲ್ಲ. ಕೋವಿಡ್‌ನಾಗ ಮನಿಮನಿಗೆ ಬಂದ ಪಲ್ಸ್ ಆಕ್ಸಿಮೀಟರ್ ನೋಡ್ರಿ: ಎರಡು ಎಲ್‌ಇಡಿ, ಒಂದು ಫೋಟೊಡಯೋಡು. ಅಲ್ಲಿಂದ ಶುರು ಮಾಡಿ, ಬಂದ ಅಂಕಿಯನ್ನ ಆಸ್ಪತ್ರೆಯ ಯಂತ್ರದ ಅಂಕಿಗೆ ಹೋಲಿಸಿ, ವ್ಯತ್ಯಾಸ ಎಷ್ಟು, ಯಾಕೆ ಅಂತ ಬರೆದಿಡೋಣ. ಬೆಳಕು ಉಪಕರಣ ಆಗೋದು ಆ ಲೆಕ್ಕದಿಂದ.