38 ರೂಪಾಯಿ 13 ಆಣೆ 2 ಪೈ

ಕಳೆದ ಸೆಮಿಸ್ಟರಿನಲ್ಲಿ ನಾವು ನಾಲ್ಕು ಜನ ಒಂದು ಪಿಚ್ ಸ್ಪರ್ಧೆಗೆ ಹೋಗಿದ್ದೆವು. ನಮ್ಮದು ಆ್ಯಪ್ ಐಡಿಯಾ. ಆದಿ ಉಡುಪಿಯ ಸಂತೆಯಲ್ಲಿ ತರಕಾರಿ ಮಾರುವವರು ದಿನದ ಲೆಕ್ಕ ಬರೆದಿಟ್ಟು, ಅದರಲ್ಲೇ ಹತ್ತಿಪ್ಪತ್ತು ರೂಪಾಯಿ ಉಳಿಸುವುದು. ಸಿಕ್ಕಿದ್ದು ಐದು ನಿಮಿಷ. ಮೊದಲ ಸ್ಲೈಡಿನಲ್ಲಿ ಲೋಗೊ, ಎರಡನೆಯದರಲ್ಲಿ ನಮ್ಮ ನಾಲ್ವರ ಫೋಟೊ, ಮೂರನೆಯದರಲ್ಲಿ ಇಡೀ ದೇಶದ ಮಾರುಕಟ್ಟೆ ಎಷ್ಟು ಸಾವಿರ ಕೋಟಿ ಅಂತ ದೊಡ್ಡ ಅಕ್ಷರದಲ್ಲಿ ಒಂದು ಅಂಕಿ. ಆ ಅಂಕಿ ಬರುವಷ್ಟರಲ್ಲಿ ಒಬ್ಬ ಜಡ್ಜ್ ಫೋನ್ ನೋಡ್ತಾ ಇದ್ದರು. ಸಂತೆಯ ಮಾತು ಬಂದಾಗ ಅವರು ತಲೆ ಎತ್ತಿದರು ನಿಜ, ಆದರೆ ಆಗಲೇ ಬೆಲ್ ಹೊಡೆಯಿತು.

ಸೋತ ಬೇಜಾರಿನಲ್ಲಿ ಒಂದು ಶನಿವಾರ ಉಡುಪಿ ಪೇಟೆಯ ನಾಣ್ಯ ಮ್ಯೂಸಿಯಂಗೆ ಹೋದೆವು. ಅದು ಇರುವುದು ಹಾಜಿ ಅಬ್ದುಲ್ಲಾ ಸಾಹೇಬರ ಹಳೆಯ ಮನೆಯಲ್ಲಿ. ನೋಡಲು ಹೋದದ್ದು ನಾಣ್ಯ, ತಲೆಯಲ್ಲಿ ಉಳಿದದ್ದು ಮನೆಯ ಯಜಮಾನರು. ಆಮೇಲೆ ಅವರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆವು. ಯಾಕಂದ್ರೆ ನಾವು ಐದು ನಿಮಿಷದಲ್ಲಿ ಮಾಡಲಾಗದ್ದನ್ನು ಅವರು ಒಂದು ವಿನಂತಿ ಪತ್ರದಲ್ಲಿ ಮಾಡಿದ್ದರು.

ಪೂರ್ತಿ ಹೆಸರು ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬ್ ಬಹಾದೂರ್. ಹುಟ್ಟಿದ್ದು 1882ರಲ್ಲಿ. ವ್ಯಾಪಾರದ ಮನೆತನ, ಕೈಯಲ್ಲಿ ದುಡ್ಡಿತ್ತು. ಆಗ ಉಡುಪಿ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮಂಗಳೂರು ಇಲ್ಲಿಂದ ಸುಮಾರು 60 ಕಿಲೋಮೀಟರ್. ಇವತ್ತು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಒಂದು ನಿದ್ದೆಯ ದಾರಿ, ಆದರೆ ಆಗ ನಡುವಿನ ಹೊಳೆಗಳನ್ನು ದೋಣಿಯಲ್ಲೇ ದಾಟಬೇಕಿತ್ತು. ಉಡುಪಿಯ ಸಣ್ಣ ವ್ಯಾಪಾರಿಗೆ, ರೈತನಿಗೆ ಸಾಲ ಬೇಕಾದರೆ ಬಡ್ಡಿಗೆ ಕೊಡುವ ಸಾಹುಕಾರನೇ ಗತಿ. ಉಳಿಸಿದ ಹಣ ಇಡೋಕೆ ಪೆಟ್ಟಿಗೆಯೇ ಗತಿ.

1905ರಲ್ಲಿ ಬಂಗಾಳದ ವಿಭಜನೆ ಆಯಿತು, ಸ್ವದೇಶಿ ಚಳವಳಿಯ ಗಾಳಿ ದೇಶದ ತುಂಬಾ ಬೀಸಿತು. ಅದರ ಮರುವರ್ಷ, 1906ರ ಫೆಬ್ರವರಿ 19ರಂದು, ಉಡುಪಿಯಲ್ಲಿ ಒಂದು ಬ್ಯಾಂಕ್ ಶುರು ಮಾಡ್ತೇವೆ, ನೀವೂ ಸೇರಿ ಅಂತ ಒಂದು ವಿನಂತಿ ಹೊರಟಿತು. ಅದರ ಮುಂದಾಳು ಅಬ್ದುಲ್ಲಾ ಸಾಹೇಬರು. ವಯಸ್ಸು ಸುಮಾರು 24. ನಮಗಿಂತ ಐದೇ ವರ್ಷ ದೊಡ್ಡವರು ಮಾರಾಯ್ರೆ!

ಈ ವಿನಂತಿ ಮಾತಾಡುವ ಕ್ರಮ ನೋಡಿ. ಮುಖ್ಯ ಉದ್ದೇಶ ಅಂತ ಅದರಲ್ಲಿ ಇಟ್ಟದ್ದು ಲಾಭವನ್ನಲ್ಲ, ಬಂಡವಾಳದ ಮೊತ್ತವನ್ನಲ್ಲ, ಸ್ಥಾಪಕರ ದೊಡ್ಡಸ್ತಿಕೆಯನ್ನೂ ಅಲ್ಲ. ಜಾತಿ ಮತ ನೋಡದೆ ಎಲ್ಲ ವರ್ಗದ ಜನರಲ್ಲಿ ಉಳಿತಾಯದ ಅಭ್ಯಾಸ ಬೆಳೆಸುವುದು, ಜೊತೆಗೆ ಎಲ್ಲರೂ ಕೂಡಿ ಕೆಲಸ ಮಾಡುವ ಅಭ್ಯಾಸ ಬೆಳೆಸುವುದು, ಇದು ಉದ್ದೇಶ. ಇದೇ ಶುದ್ಧ ಸ್ವದೇಶಿ ಅನ್ನುವುದು ಅದರ ಮುಂದಿನ ಮಾತು. ಅದಾದ ಮೇಲೆ ಕರೆ: ದೇಶದ ಮೇಲೆ ಪ್ರೀತಿ ಇರುವವರೆಲ್ಲ ಮುಂದೆ ಬನ್ನಿ ಅಂತ. ಅಂದರೆ ಓದುವವನು ಮೊದಲು ಅದರಲ್ಲಿ ತನ್ನನ್ನು ನೋಡುತ್ತಾನೆ. ನಮ್ಮ ಸ್ಲೈಡುಗಳಲ್ಲಿ ಜಡ್ಜ್ ಮೊದಲು ನೋಡಿದ್ದು ನಮ್ಮನ್ನು, ಅದೂ ಕೋಟು ಹಾಕಿ ಕೈ ಕಟ್ಟಿ ನಿಂತ ನಾಲ್ಕು ಜನರನ್ನು.

ಇದನ್ನು ಬರೀ ಬರವಣಿಗೆಯ ಜಾಣತನ ಅಂತ ನಾವು ಒಪ್ಪುವುದಿಲ್ಲ. ಕೃಷ್ಣ ಮಠದ ಊರು. ಅಲ್ಲಿ ಒಬ್ಬ ಮುಸ್ಲಿಂ ಯುವಕ ಎಲ್ಲ ಜಾತಿಯವರ ಹತ್ತಿರ ಹೋಗಿ ನಿಮ್ಮ ಹಣ ಇಲ್ಲಿಡಿ ಅಂತ ಕೇಳಬೇಕು. ಜಾತಿ ಮತದ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಹೇಗೂ ಇರುತ್ತದೆ. ಅದನ್ನು ಕೊನೆಯ ಸ್ಲೈಡಿಗೆ ತಳ್ಳದೆ ಅವರು ಮೊದಲೇ ಎತ್ತಿ ಉತ್ತರ ಕೊಟ್ಟರು. ಆ ಉತ್ತರವನ್ನು ಜನ ನಂಬಬೇಕಾದರೆ ಹೇಳುವವರ ನಡತೆಯೂ ಹಾಗೇ ಇರಬೇಕು ತಾನೆ? ಮಠದ ಲಕ್ಷದೀಪೋತ್ಸವಕ್ಕೆ ಸಾಹೇಬರು ಎಣ್ಣೆ ಕೊಟ್ಟ ಕಥೆಯನ್ನು ಉಡುಪಿಯ ಹಿರಿಯರು ಈಗಲೂ ಹೇಳ್ತಾರೆ. ಊರಿನ ಆಸ್ಪತ್ರೆಗೆ ಅವರು ಜಾಗವನ್ನೇ ದಾನ ಕೊಟ್ಟರು. ಅಲ್ಲಿಯ ಸರಕಾರಿ ತಾಯಿ ಮಕ್ಕಳ ಆಸ್ಪತ್ರೆಯ ಹೆಸರಿನಲ್ಲಿ ಇವತ್ತಿಗೂ ಅವರ ಹೆಸರಿದೆ. ನಮ್ಮ ಕ್ಲಾಸಿನ ಎಷ್ಟೋ ಜನ ಹುಟ್ಟಿದ್ದು ಅಲ್ಲೇ.

ಮಾರ್ಚ್ 12ರಂದು ಬ್ಯಾಂಕ್ ತೆರೆಯಿತು. ಹೆಸರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಉಡುಪಿ) ಲಿಮಿಟೆಡ್. ಆರಂಭದ ಬಂಡವಾಳ 5000 ರೂಪಾಯಿ. ಮೊದಲ ದಿನ ಬಾಗಿಲು ಹಾಕುವಾಗ ಲೆಕ್ಕದಲ್ಲಿದ್ದದ್ದು 38 ರೂಪಾಯಿ 13 ಆಣೆ 2 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಕ್ಯಾಲ್ಕುಲೇಟರ್ ತೆಗೆದು ನೋಡಿದೆವು, ಬಂಡವಾಳದ ಶೇಕಡಾ ಒಂದರಷ್ಟೂ ಆಗುವುದಿಲ್ಲ. ಆದರೂ ಆ 2 ಪೈಯನ್ನು ಬಿಡದೆ ಬರೆದಿಟ್ಟಿದ್ದಾರೆ. ನಾವಾಗಿದ್ದರೆ ಸುಮಾರು 40 ಅಂತ ಬರೆದು ಗ್ರಾಫ್ ಹಾಕ್ತಿದ್ದೆವು.

ಅದೇ ವರ್ಷ ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರು ಮಾಡಿದರು. ಇವತ್ತಿನ ಕೆನರಾ ಬ್ಯಾಂಕ್ ಅದೇ. ಅದೇ ವರ್ಷದ ಅಕ್ಟೋಬರಿನಲ್ಲಿ ಮದ್ರಾಸಿನಲ್ಲಿ ಆರ್ಬತ್‌ನಾಟ್ ಕಂಪನಿ ದಿವಾಳಿಯಾಗಿ ಸಾವಿರಾರು ಜನರ ಹಣ ಮುಳುಗಿತು. ದೊಡ್ಡ ಹೆಸರಿನ ಇಂಗ್ಲಿಷರ ಸಂಸ್ಥೆ ಅದು. ಉಡುಪಿಯ ಪುಟ್ಟ ಬ್ಯಾಂಕಿಗೆ ಆಗ ಏಳು ತಿಂಗಳು. ಅಂಥ ಹೊತ್ತಿನಲ್ಲೂ ಅದು ಉಳಿಯಿತು.

ಉಳಿಯಿತು, ಆದರೆ ಓಡಲಿಲ್ಲ. ಮೊದಲ ಶಾಖೆ ಕುಂದಾಪುರದಲ್ಲಿ ತೆರೆದದ್ದು 1923ರಲ್ಲಿ, ಅಂದರೆ 17 ವರ್ಷದ ಮೇಲೆ! ಮಂಗಳೂರಿಗೆ ಹೋದದ್ದು 1926ರಲ್ಲಿ. ನಮ್ಮ ಪಿಪಿಟಿಯಲ್ಲಿ ಎರಡನೇ ವರ್ಷಕ್ಕೇ ಮೂರು ರಾಜ್ಯ ಅಂತ ಇತ್ತು.

ಸಾಹೇಬರು 1935ರಲ್ಲಿ ತೀರಿಕೊಂಡರು. ಬ್ಯಾಂಕಿನ ಹೆಸರು 1939ರಲ್ಲಿ ಬದಲಾಯಿತು, 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1980ರಲ್ಲಿ ರಾಷ್ಟ್ರೀಕರಣ. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನ ಜೊತೆ ವಿಲೀನ, ಬೋರ್ಡಿನಿಂದ ಹೆಸರೇ ಹೋಯಿತು. ನಮ್ಮ ಮನೆಗಳಲ್ಲಿ ಹಿರಿಯರು ಈಗಲೂ ಕಾರ್ಪೊರೇಷನ್ ಬ್ಯಾಂಕಿಗೆ ಹೋಗಿ ಬರ್ತೇವೆ ಅಂತಲೇ ಹೇಳೋದು.

ಇನ್ನೊಂದು ವಿಷಯ ಗೊತ್ತಾಗಿ ನಮಗೆ ನಾಚಿಕೆ ಆಯ್ತು. ನಮ್ಮ ಆ್ಯಪ್ ಹೊಸದೇ ಅಲ್ಲ. ಡಾ. ಟಿ.ಎಂ.ಎ. ಪೈ ಮತ್ತು ಜೊತೆಗಾರರು 1925ರಲ್ಲಿ ಉಡುಪಿಯಲ್ಲೇ ಶುರು ಮಾಡಿದ ಬ್ಯಾಂಕ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಿಂದಲೇ ಪಿಗ್ಮಿ ಹೆಸರಿನಲ್ಲಿ ಮನೆ ಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುತ್ತಿತ್ತು. ಜಡ್ಜ್ ಇದನ್ನು ಕೇಳದೆ ಬಿಟ್ಟದ್ದು ನಮ್ಮ ಪುಣ್ಯ.

ಹಳೆಯ ಪಿಪಿಟಿ ಡಿಲೀಟ್ ಮಾಡಿ, ಈ ಸಲ ಲ್ಯಾಪ್‌ಟಾಪ್ ಇಲ್ಲದೆ ಆದಿ ಉಡುಪಿಯ ಸಂತೆಗೆ ಹೋದೆವು. ಮಟ್ಟುಗುಳ್ಳ ಮಾರುತ್ತಿದ್ದ ಒಬ್ಬ ಅಕ್ಕನ ಹತ್ತಿರ ಕೂತೆವು. ದುಡ್ಡು ಎಲ್ಲಿ ಇಡ್ತೀರಿ ಅಂತ ಕೇಳಿದ್ದಕ್ಕೆ ಅವರು ನಕ್ಕರು, ಉತ್ತರ ಕೊಡಲಿಲ್ಲ. ತಿರುಗಿ ಅವರೇ ಕೇಳಿದರು: ನಾವು ಯಾರ ಮನೆಯ ಮಕ್ಕಳು, ಕಾಲೇಜು ಮುಗಿದ ಮೇಲೆ ಇಲ್ಲೇ ಇರ್ತೇವಾ, ಬೆಂಗಳೂರಿಗೆ ಹೋದರೆ ಅವರು ಯಾರನ್ನು ಹುಡುಕಬೇಕು. ನಾವು ನಾಲ್ವರೂ ಮುಖ ಮುಖ ನೋಡಿಕೊಂಡೆವು. ಕೊನೆಗೆ ಅರ್ಧ ಕಿಲೋ ಗುಳ್ಳ ತಗೊಂಡು, ಮುಂದಿನ ವಾರ ಬರ್ತೇವೆ ಅಂತ ಹೇಳಿ ಬಂದೆವು.